ಅಕ್ಲಕೋಟ

ಕಾಂಚನ ಶುಭಂನನ್ನು ಕ್ಷಮಿಸಿರಲಿಲ್ಲ, ಕ್ಷಮಿಸುವ ಆಲೋಚನೆಯೂ ಅವಳಿಗಿರಲಿಲ್ಲ. ಹೋಗಲಿ ಬಿಡು, ದೊಡ್ಡ ಮನಸ್ಸು ಮಾಡು ಎಂದು ಹೇಳುವವರು ಊರಿಗೆ ಹತ್ತು ಜನ ಇರುತ್ತಾರೆ. ಈ ದೊಡ್ಡ ಮನಸ್ಸಿನ ಉಪದೇಶವೆಲ್ಲ ಪೆಟ್ಟು ತಿಂದವರಿಗೇ ಯಾಕೆ, ಹೊಡೆದವರಿಗೆ ಯಾಕಿಲ್ಲ ಎಂದು ಕೇಳಿದರೆ ಮಾತ್ರ ಆ ಹತ್ತೂ ಜನಕ್ಕೆ ಕೆಮ್ಮು ಬರುತ್ತದೆ. ಮೂರು ವರ್ಷದಿಂದ ಅವಳಿಗೆ ಬೇಕಿದ್ದದ್ದು ಒಂದೇ. ತಪ್ಪು ಅವಳ ಕೈಯದಲ್ಲ, ಯಂತ್ರದ್ದು ಎಂದು ಆ ಮನುಷ್ಯ ನಾಲ್ಕು ಜನರೆದುರು ತನ್ನ ಹೆಸರು ಹಾಕಿ ಒಪ್ಪಿಕೊಳ್ಳಬೇಕು.

ಆಗ ಅವಳು ಅಕ್ಕಲಕೋಟದ ಒಂದು ಖಾಸಗಿ ಟೈಪಿಂಗ್ ಕಚೇರಿಯಲ್ಲಿದ್ದಳು. ಹಳೆಯ ಕಾಗದಪತ್ರಗಳನ್ನು ಮರಾಠಿಯಲ್ಲಿ ಕಂಪ್ಯೂಟರಿಗೆ ಏರಿಸುವ ಕೆಲಸ. ಬೆಳಿಗ್ಗೆ ವಳಸಂಗದಿಂದ ಎಸ್‌ಟಿ ಬಸ್ಸು ಹತ್ತಿದರೆ ಒಂದು ದಿಕ್ಕಿಗೆ ಸೊಲ್ಲಾಪುರ, ಇನ್ನೊಂದು ದಿಕ್ಕಿಗೆ ಅಕ್ಕಲಕೋಟ. ಊರಿನವರೆಲ್ಲ ಸೊಲ್ಲಾಪುರದ ಬಸ್ಸಿಗೆ ನಿಂತರೆ ಇವಳು ರಸ್ತೆ ದಾಟಿ ಎದುರು ಬದಿಗೆ ನಿಲ್ಲುತ್ತಿದ್ದಳು. ಅವಳ ಅಜ್ಜನಿಗೆ ಸಾಲಿಯ ಕಟ್ಟೆ ಹತ್ತಗೊಟ್ಟಿರಲಿಲ್ಲ. ಅಪ್ಪ ತುಕಾರಾಮ ನಾಲ್ಕನೆಯ ಇಯತ್ತೆಗೆ ಬಿಟ್ಟು ಕೂಲಿಗೆ ಹೋದವನು. ಅಂಥ ಮನೆಯ ಹುಡುಗಿ ನೋಡದೆ, ತಡವರಿಸದೆ, ಮಾತಾಡಿದಷ್ಟೇ ಸಲೀಸಾಗಿ ಅಕ್ಷರ ಹೊಡೆಯುವುದನ್ನು ನೋಡಲು ಅಪ್ಪ ಒಮ್ಮೆ ಬಸ್ ಚಾರ್ಜು ಕೊಟ್ಟು ಕಚೇರಿಗೇ ಬಂದಿದ್ದ. ಬಾಗಿಲಲ್ಲಿ ಕಾಲು ತಾಸು ನಿಂತು, ಒಳಗೂ ಬರದೆ ಹೋಗಿದ್ದ.

ಆ ಕಚೇರಿಗೆ ಹೊಸ ಯಂತ್ರಗಳು ಬಂದವು. ಸೊಲ್ಲಾಪುರದಲ್ಲಿ ಶುಭಂ ಎಂಬ ಎಂಜಿನಿಯರು ನಡೆಸುತ್ತಿದ್ದ ಕಂಪನಿಯವು; ಹನ್ನೂರಿನ ದೊಡ್ಡ ಹೊಲಮನೆಯ ಅಮೃತಪ್ಪನವರ ಮಗ ಆತ. ಪೆಟ್ಟಿಗೆ ಅವನದು, ಅಗ್ಗದ ಕೀಬೋರ್ಡೂ ಅವನದು. ಒಳಗಿನ ಆಪರೇಟಿಂಗ್ ಸಿಸ್ಟಮ್ ಮಾತ್ರ ಜಗತ್ತಿಗೆಲ್ಲ ಪುಕ್ಕಟೆ ಸಿಗುವಂಥದ್ದು. ಅದಕ್ಕೆ ಶುಭಂ ತನ್ನ ಕೀಬೋರ್ಡಿಗಾಗಿ ಒಂದು ಡ್ರೈವರ್ ಬರೆದು ಸೇರಿಸಿದ್ದ. ಒತ್ತಿದ ಕೀಗಳನ್ನು ಒಳಗೆ ತಲುಪಿಸುವ ಪುಟ್ಟ ಪ್ರೋಗ್ರಾಮು ಅದು. ಬಸ್ಸಿನ ಡ್ರೈವರಿನ ಹಾಗೆಯೇ ಇದೂ. ಯಾರನ್ನು ಹತ್ತಿಸಿಕೊಳ್ಳಬೇಕು, ಯಾರ ಮುಖಕ್ಕೆ ಧೂಳು ಎಬ್ಬಿಸಿ ಹೋಗಬೇಕು ಎಂಬುದೆಲ್ಲ ಇದರ ಮರ್ಜಿ.

ಯಂತ್ರ ಬಂದ ವಾರದಲ್ಲೇ ಕಾಂಚನಳ ಕಾಗದಗಳಲ್ಲಿ ತಪ್ಪು ಕಾಣಿಸಿತು. ಪ್ರತಿ ಪುಟದಲ್ಲೂ ಬರುವ ಹೆಸರು, ಅಕ್ಕಲಕೋಟ. ಅದರ ಒತ್ತಕ್ಷರ ಹೊಡೆಯಲು ಮೊದಲು ಕ, ಆಮೇಲೆ ಅಕ್ಷರದ ಕಾಲು ಮುರಿಯುವ ಪಾಯಮೋಡ, ಮತ್ತೆ ಕ. ಅವಳು ಮೂರನ್ನೂ ಒತ್ತುತ್ತಿದ್ದಳು. ಕಾಗದದಲ್ಲಿ ಮಾತ್ರ ಅಕ್ಲಕೋಟ. ಒಂದಲ್ಲ, ಎರಡಲ್ಲ, ನಾಲ್ಕು ನೂರಕ್ಕೂ ಹೆಚ್ಚು ಕಡೆ ಅಕ್ಲಕೋಟ. ಬೇರೆ ಯಾರಿಗೂ ಹೀಗಾಗುತ್ತಿರಲಿಲ್ಲ. ಮಷಿನ್ ಅಕ್ಷರ ತಿನ್ನುತ್ತದೆ ಎಂದು ಅವಳೇ ದೂರು ಕೊಟ್ಟಳು. ಶುಭಂ ಸೊಲ್ಲಾಪುರದಿಂದ ಬಂದ.

ಅವನು ಅವಳ ಕುರ್ಚಿಯಲ್ಲಿ ಕೂತು, ಎರಡು ತೋರುಬೆರಳುಗಳಿಂದ, ಕೋಳಿ ಕಾಳು ಹೆಕ್ಕುವಂತೆ ಅಕ್ಕಲಕೋಟ ಎಂದು ಹೊಡೆದ. ಸರಿಯಾಗಿ ಬಂತು. ಇನ್ನೊಮ್ಮೆ ಹೊಡೆದ. ಸರಿಯಾಗೇ ಬಂತು. ಎದ್ದು ನಿಂತು, ಕಚೇರಿಯ ಹನ್ನೊಂದು ಜನಕ್ಕೂ ಕೇಳುವಂತೆ ಹೇಳಿದ.

“ಮಷಿನ್ ಸರಿ ಅದ. ಕುಣೀಲಾಕ ಬರದಾಕಿ ನೆಲ ಡೊಂಕ ಅಂದ್ಳಂತ. ಅಕ್ಕಲ ಇದ್ರ ಅಕ್ಕಲಕೋಟ ಬರ್ತದ ತಂಗಿ. ಇಲ್ಲಂದ್ರ ಎಲ್ಲಿಂದ ಬರಬೇಕು?”

ಅಕ್ಕಲ ಎಂದರೆ ಬುದ್ಧಿ ಎಂದು ಆ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಎಲ್ಲರೂ ನಕ್ಕರು. ಪಕ್ಕದ ಮೇಜಿನ ಸುಗಲಾಬಾಯಿ, ದಿನಾ ಇವಳ ಡಬ್ಬಿಯ ಶೇಂಗಾ ಚಟ್ನಿಗೆ ಕೈ ಚಾಚುವವಳು, ಅವಳೂ ನಕ್ಕಳು. ಆ ತಿಂಗಳಿಗೇ ಕಾಂಚನಳ ಕೆಲಸ ಹೋಯಿತು. ಮಾತು ಅಲ್ಲಿಗೆ ನಿಲ್ಲದೆ ಅದೇ ಎಸ್‌ಟಿ ಹತ್ತಿ ವಳಸಂಗಕ್ಕೂ ಬಂತು. ನೋಡಲು ಬಂದ ಗಂಡಿನ ಕಡೆಯವರೊಬ್ಬರು, “ಅಕ್ಲಕೋಟದ ಹುಡಿಗಿ ಇದಾ ಏನ್ರಿ?” ಎಂದು ಅವ್ವ ಅಂಜನಾಬಾಯಿಯನ್ನು ಕೇಳಿದರು. ಅವ್ವ ಅವರಿಗೆ ಚಹಾ ಕೊಡದೆ ಕಳಿಸಿದಳು.

ಅಳುವವರು ಅಳುತ್ತಾರೆ. ಕಾಂಚನಳ ಮೈ ಉರಿಯಿತು, ಆ ಉರಿಯನ್ನು ಅವಳು ಆರಗೊಡಲಿಲ್ಲ. ಈಗ ರಸ್ತೆಯ ಈಚೆ ಬದಿಗೇ ನಿಂತು ಸೊಲ್ಲಾಪುರದ ಬಸ್ಸು ಹಿಡಿದಳು. ನವಿ ಪೇಠೆಯಲ್ಲಿ ಕೈಲಾಸ ಎಂಬಾತನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕಲಿಸು ಎಂದರೆ ಕಲಿಸುತ್ತಿದ್ದ, ಯಾಕೆ ಎಂದು ಕೇಳುತ್ತಿರಲಿಲ್ಲ. ಅವಳು ಮೊದಲು ಸ್ಕ್ರೂ ಬಿಚ್ಚುವುದು ಕಲಿತಳು, ಆಮೇಲೆ ಪ್ರೋಗ್ರಾಮು ಓದುವುದು, ಆಮೇಲೆ ಬರೆಯುವುದು. ಎರಡು ವರ್ಷ ಹಿಡಿಯಿತು. ನಡುವೆ ಒಂದು ದಿನ ಶುಭಂನ ಕಂಪನಿಯ ಹಳೆಯ ಯಂತ್ರವೊಂದು ಮೋಡ್ಕಾಕ್ಕೆ, ಮುರುಕು ಸಾಮಾನಿನ ಲೆಕ್ಕಕ್ಕೆ, ಬಂತು. ಕೈಲಾಸ ಅದನ್ನು ಗುಜರಿಗೆ ಹಾಕಲು ಹೊರಟಾಗ ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇದರ ಡ್ರೈವರ್ ನೋಡಬೇಕಾಗ್ಯದ ಕಾಕಾ.”

“ಕೇಳು ಮತ್ತ,” ಎಂದ ಕೈಲಾಸ. “ಪುಕ್ಕಟೆ ಸಿಸ್ಟಮ್ ತಗೊಂಡಾರ. ಮಷಿನ್ ಕೊಂಡವ ಕೇಳಿದ್ರ ಡ್ರೈವರಿನ ಮೂಲ ಬರಹ ಕೊಡಬೇಕು ಅಂತ ಅದರ ಕಾಯಿದೆನೇ ಅದ. ಅಂಗಡಿ ಹೆಸರಿಲೆ ಪತ್ರ ಬರೀ.”

ಬರೆದಳು. ಇಪ್ಪತ್ತು ದಿನಕ್ಕೆ ಬಂತು. ಕಳಿಸಿದ ಗುಮಾಸ್ತ ಯಾರೋ ಪುಣ್ಯಾತ್ಮ, ಡ್ರೈವರಿನ ಜೊತೆಗೆ ಅದಕ್ಕೆ ಯಾವ ದಿನ ಯಾರು ಏನು ತಿದ್ದಿದರು ಎಂಬ ಚರಿತ್ರೆಯನ್ನೂ ಕಟ್ಟಿ ಕಳಿಸಿಬಿಟ್ಟಿದ್ದ.

ಕಾಂಚನ ಮೊದಲು ಡ್ರೈವರಿನ ಎರಡು ತುದಿಗೂ ಕಾವಲು ಇಟ್ಟಳು. ಕೀಬೋರ್ಡಿನಿಂದ ಏನು ಬಂತು, ಒಳಗೆ ಏನು ಹೋಯಿತು, ಎರಡನ್ನೂ ಬರೆದಿಡುವಂತೆ ಮಾಡಿದಳು. ಬೆರಳಿಗಿಂತ ಲೆಕ್ಕ ಪಕ್ಕಾ ಎಂದು ಒಂದು ಪುಟ್ಟ ಪ್ರೋಗ್ರಾಮಿನಿಂದಲೇ ಕೀಗಳನ್ನು ಸರಸರ ಕಳಿಸಿದಳು. ಬಂದದ್ದು: ಕ, ಪಾಯಮೋಡ, ಕ. ಹೋದದ್ದು: ಕ, ಪಾಯಮೋಡ. ಮೂರನೆಯದು ಡ್ರೈವರಿನ ಹೊಟ್ಟೆಯಲ್ಲೇ ಜೀರ್ಣವಾಗಿ, ಕಾಲು ಮುರಿದ ಕ ಮುಂದಿನ ಲ ಅಕ್ಷರಕ್ಕೆ ಅಂಟಿಕೊಂಡಿತ್ತು.

ಕಾರಣ ನಾಲ್ಕೇ ಸಾಲಿನಲ್ಲಿತ್ತು. ಅಗ್ಗದ ಕೀ ಒಮ್ಮೆ ಒತ್ತಿದರೆ ಒಳಗಿನ ಲೋಹ ನಡುಗಿ ಎರಡು ಸಲ ಒತ್ತಿದಂತೆ ತೋರಿಸುತ್ತದೆ. ಆ ನಡುಕವನ್ನು ಸೋಸಲು ಶುಭಂ ಒಂದು ನಿಯಮ ಇಟ್ಟಿದ್ದ. ಸೆಕೆಂಡನ್ನು ಸಾವಿರ ಪಾಲು ಮಾಡಿ, ಅದರಲ್ಲಿ ನೂರೈವತ್ತು ಪಾಲಿನೊಳಗೆ ಅದೇ ಕೀ ಮತ್ತೆ ಬಂದರೆ ಅದು ನಡುಕ, ಎಸೆದುಬಿಡು. ಅಷ್ಟರೊಳಗೆ ಮೂರು ಕೀ ಒತ್ತುವ ಕೈ ಆಗ ಆ ಕಚೇರಿಯಲ್ಲಿ ಒಂದೇ ಇತ್ತು. ಆ ಸಾಲಿನ ಪಕ್ಕದಲ್ಲಿ ಅವನು ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬರೆದಿದ್ದ: ಮನುಷ್ಯರು ಇಷ್ಟು ಬೇಗ ಒತ್ತಲಾರರು.

ಅವಳು ಅದನ್ನು ಮೂರು ಸಲ ಓದಿದಳು. ಹಾಗಾದರೆ ತಾನು ಯಾರು ಎಂದು ಅವನನ್ನೇ ಕೇಳಬೇಕು ಎಂದುಕೊಂಡಳು.

ಅಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ಎಂದು ಒಂದು ಮಾತು ಉಳಿಯುತ್ತಿತ್ತು. ಅವಳು ಚರಿತ್ರೆ ತೆರೆದು ನೋಡಿದಳು. ತನ್ನನ್ನು ಹನ್ನೊಂದು ಜನರೆದುರು ನಿಲ್ಲಿಸಿದ ದಿನದಿಂದ ನಾಲ್ಕನೆಯ ದಿನ, ಶುಭಂನ ಹೆಸರಿನಲ್ಲಿ: ‘ನೂರೈವತ್ತನ್ನು ನಲವತ್ತಕ್ಕೆ ಇಳಿಸಿದೆ. ಬೇಗ ಹೊಡೆದರೂ ಅಕ್ಕಲಕೋಟ ಸರಿಯಾಗಿ ಬರುತ್ತದೆ.’ ಐದನೆಯ ದಿನ, ಮತ್ತೆ ಅವನದೇ ಹೆಸರು: ‘ತಿರುಗಿ ನೂರೈವತ್ತು ಮಾಡಿದೆ. ನಲವತ್ತಿಟ್ಟರೆ ಅಗ್ಗದ ಕೀಗಳು ಎಲ್ಲರಿಗೂ ಎರಡೆರಡು ಅಕ್ಷರ ಹೊಡೆಯುತ್ತವೆ.’

ಅವನಿಗೆ ಗೊತ್ತಿತ್ತು. ನೆಲ ಡೊಂಕು ಎಂದು ನಾಲ್ಕನೆಯ ದಿನಕ್ಕೇ ಗೊತ್ತಿತ್ತು. ಗೊತ್ತಾಗಿಯೂ ಒಂದು ಫೋನು ಮಾಡಲಿಲ್ಲ, ಒಂದು ಮಾತು ಹೇಳಲಿಲ್ಲ. ಕುಣಿಯುವವಳನ್ನು ಮನೆಗೆ ಕಳಿಸಿ ಡೊಂಕನ್ನು ಹಾಗೇ ಇಟ್ಟುಕೊಂಡ. ಕಾಂಚನಳಿಗೆ ಆ ಕ್ಷಣಕ್ಕೆ ಅವನು ಎದುರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಸಿಗಲಿಲ್ಲ, ಅವನ ಪುಣ್ಯ. ಅವಳು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಕೂತಳು.

ರೋಷ ಬೇರೆ, ಕೆಲಸ ಬೇರೆ. ಕೆಲಸವನ್ನು ಅವಳು ತಣ್ಣಗೆ ಮಾಡಿದಳು. ಸಂಖ್ಯೆಯನ್ನು ಏರಿಸಿ ಇಳಿಸಿ ಶುಭಂ ಸೋತಿದ್ದ. ತಪ್ಪು ಇದ್ದದ್ದು ಸಂಖ್ಯೆಯಲ್ಲಲ್ಲ. ನಡುಗುವ ಕೀ ಒಂದೇ ಸಮ ನಡುಗುತ್ತದೆ. ನಡುವೆ ಬೇರೊಂದು ಕೀ ಬಂದಿದ್ದರೆ ಅದು ನಡುಕವಲ್ಲ, ಬೆರಳು. ಎರಡು ಕೈಯಲ್ಲಿ ಹೊಡೆಯುವವರಿಗೆ ಇದು ಹೇಳಿಕೊಡದೆ ತಿಳಿಯುತ್ತದೆ, ಎರಡು ಬೆರಳಿನವರಿಗೆ ಹೇಳಿದರೂ ತಿಳಿಯುವುದಿಲ್ಲ. ಅವಳು ಆ ನಾಲ್ಕು ಸಾಲು ತೆಗೆದು ಹನ್ನೊಂದು ಸಾಲು ಬರೆದಳು. ಪ್ರೋಗ್ರಾಮಿನಿಂದ ಹತ್ತು ಸಾವಿರ ಸಲ ಕೀ ಕಳಿಸಿದಳು. ಒಂದೂ ಕಳೆಯಲಿಲ್ಲ, ಒಂದೂ ಇಮ್ಮಡಿಯಾಗಲಿಲ್ಲ. ಕೈಲಾಸ ಓದಿ ನೋಡಿ, “ಬರೋಬ್ಬರಿ ಅದ,” ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಈ ಪುಕ್ಕಟೆ ಪ್ರೋಗ್ರಾಮುಗಳ ಲೋಕದಲ್ಲಿ ಒಂದು ರೂಢಿ ಇದೆ. ತಿದ್ದುಪಡಿಯ ತಲೆಯ ಮೇಲೆ ಅದು ಯಾಕೆ ಬೇಕಾಯಿತು ಎಂದು ಬರೆಯಬೇಕು. ಕೆಳಗೆ ಬರೆದವರ ಹೆಸರು, ಅದರ ಕೆಳಗೆ ಒಪ್ಪಿಕೊಂಡವರ ಹೆಸರು. ಆ ಬರಹ ಪ್ರೋಗ್ರಾಮಿನ ಚರಿತ್ರೆಯಲ್ಲಿ ಸೇರಿಹೋಗುತ್ತದೆ. ಕೇಳಿದವರಿಗೆಲ್ಲ ಅದನ್ನೂ ಕೊಡಬೇಕು. ಕಾಂಚನ ಹನ್ನೊಂದು ಸಾಲಿನ ಪ್ರೋಗ್ರಾಮಿಗೆ ಒಂದು ದಿನ ತೆಗೆದುಕೊಂಡಿದ್ದಳು. ಅದರ ತಲೆಯ ಮೇಲಿನ ಮೂರು ಸಾಲಿಗೆ ಒಂದು ವಾರ ತೆಗೆದುಕೊಂಡಳು.

ಸಮಯ ತಾನಾಗಿಯೇ ಬಂತು. ಆ ಕಡೆಯ ಟೈಪಿಂಗ್ ಕಲಿಸುವ ಸಂಸ್ಥೆಯವರೆಲ್ಲ ಸೇರಿ ಒಟ್ಟಿಗೆ ಮುನ್ನೂರು ಯಂತ್ರ ಆರಿಸಿ ಕೊಳ್ಳುವವರಿದ್ದರು. ಸೊಲ್ಲಾಪುರದ ಒಂದು ಸಭಾಗೃಹದಲ್ಲಿ, ಮಧ್ಯಾಹ್ನ, ಶುಭಂನ ಪ್ರದರ್ಶನ. ಆ ಸಂಸ್ಥೆಗಳ ರಿಪೇರಿ ನೋಡುವ ಕೈಲಾಸನಿಗೂ ಕರೆ ಬಂದಿತ್ತು. ಅವನು ಮೋಡ್ಕಾದ ಯಂತ್ರವನ್ನು ಸ್ಕೂಟರಿಗೆ ಕಟ್ಟಿದ, ಕಾಂಚನ ಹಿಂದೆ ಕೂತಳು.

ವೇದಿಕೆಯ ಮೇಲೆ ದೊಡ್ಡ ಪರದೆ, ಮೊದಲ ಸಾಲಿನಲ್ಲಿ ತಲೆಗೆ ಪಟಗಾ ಸುತ್ತಿದ ಅಮೃತಪ್ಪನವರು. ಮಗನ ಕಂಪನಿಗೆ ಅವರೇ ಅಧ್ಯಕ್ಷರು, ಬ್ಯಾನರಿನಲ್ಲಿ ಮರಾಠಿಯಲ್ಲಿ ಅವರ ಹೆಸರು, ಅಮೃತಪ್ಪಾ. ಶುಭಂ ಮೈಕಿನಲ್ಲಿ, ಯಾರು ಬೇಕಾದರೂ ಬಂದು ಹೊಡೆದು ನೋಡಿ ಎಂದ. ಕಾಂಚನ ಎದ್ದಳು. ಅವನು ಅವಳ ಗುರುತು ಹಿಡಿಯಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಮೂರು ವರ್ಷ ಇವಳು ಅವನ ಮುಖ ಕಣ್ಣೆದುರು ಇಟ್ಟುಕೊಂಡೇ ಬದುಕಿದ್ದಳು. ಅವನಿಗೆ ಇವಳ ಮುಖವೇ ನೆನಪಿಲ್ಲ.

ಕೂತಳು. ಬೆರಳು ಜೋಡಿಸಿದಳು. ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಆ ಊರಿನ ಹೆಸರು ಹೊಡೆದಳು.

ಅಕ್ಕಲಕೋಟ.

ಎರಡೂ ಕ ನೆಟ್ಟಗೆ ಬಂದು ಕೂತಿದ್ದವು. ಮತ್ತೆ ಹೊಡೆದಳು. ಸರಿ. ಐದು ಸಲ ಹೊಡೆದಳು. ಐದೂ ಸರಿ. ಶುಭಂ ಮೈಕಿನಲ್ಲಿ, “ನೋಡ್ರಿ, ಫಸ್ಟ್ ಕ್ಲಾಸ್,” ಎಂದ. ಡ್ರೈವರ್ ಅದೇ, ನಿಯಮ ಅದೇ. ಅದೃಷ್ಟವೂ ಅವನ ಕಡೆಗೇ ವಾಲಿತೇ ಎಂದು ಕಾಂಚನಳಿಗೆ ಅನಿಸಿತು. ಆರನೆಯ ಸಲ ಹೊಡೆಯುವಾಗ ಅವಳು ಪರದೆಯನ್ನು ಬಿಟ್ಟು ತನ್ನ ಬೆರಳುಗಳನ್ನೇ ನೋಡಿದಳು.

ಬೆರಳು ನಿಲ್ಲುತ್ತಿದ್ದವು. ಮೊದಲ ಕ ಆದ ಮೇಲೆ, ಹೆದರಿದ ಮಗು ಹೊಸ್ತಿಲಲ್ಲಿ ನಿಲ್ಲುವಂತೆ, ಒಂದು ಚೂರು ತಡೆದು ಆಮೇಲೆ ಮುಂದೆ ಹೋಗುತ್ತಿದ್ದವು. ಆ ಚೂರಿನಲ್ಲೇ ನೂರೈವತ್ತು ಪಾಲು ದಾಟಿಹೋಗುತ್ತಿತ್ತು. ಮೂರು ವರ್ಷದಿಂದ ಅವಳು ಆ ಹೆಸರನ್ನು ಬೆರಳಿನಿಂದ ಹೊಡೆದೇ ಇರಲಿಲ್ಲ. ಅಂಗಡಿಯಲ್ಲೂ ಪ್ರೋಗ್ರಾಮಿನಿಂದಲೇ ಕಳಿಸಿದ್ದಳು, ಯಾಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಅವಳಿಗೆ ಅಳು ಬಂತು. ಅವಮಾನ ತನ್ನ ತಲೆಯಲ್ಲಿದೆ ಎಂದುಕೊಂಡಿದ್ದಳು. ಅದು ಕೈಗೂ ಇಳಿದಿತ್ತು.

ಅಳು ಬಂದಲ್ಲಿಗೇ ಸಿಟ್ಟೂ ಬಂತು. ತಲೆ ಎತ್ತಿದಳು. ಎದುರಿಗೆ ಬ್ಯಾನರು. ಈ ಹೆಸರಿಗೆ ಯಾರೂ ಅವಳನ್ನು ನೋಡಿ ನಕ್ಕಿರಲಿಲ್ಲ. ಹತ್ತೂ ಬೆರಳು ಮೊದಲಿನಂತೆ ಹಾರಿದವು.

ಅಮೃತಪ್ಪಾ ಎಂದು ಹೊಡೆದದ್ದು. ಪರದೆಯ ಮೇಲೆ ಕೊನೆಯ ಪ ಮಾಯವಾಗಿ, ಉಳಿದ ದೀರ್ಘದ ಗೆರೆಯೊಂದು, ಅಕ್ಷರವಿಲ್ಲದ ಕಡೆ ಕಂಪ್ಯೂಟರು ಹಾಕುವ ಚುಕ್ಕೆಗಳ ಸೊನ್ನೆಯ ಪಕ್ಕದಲ್ಲಿ ದಿಕ್ಕೆಟ್ಟು ನಿಂತಿತ್ತು. ಅವಳು ನಿಲ್ಲಿಸಲಿಲ್ಲ. ಹತ್ತು ಸಲ ಹೊಡೆದಳು. ಒಂಬತ್ತು ಸಲ ಹಾಗೇ ಬಂತು. ಆಳೆತ್ತರದ ಅಕ್ಷರದಲ್ಲಿ ಹನ್ನೂರಿನ ಯಜಮಾನರ ಹೆಸರು ಬಾಲ ಕತ್ತರಿಸಿಕೊಂಡು ಒಂಬತ್ತು ಸಾಲು ನಿಂತಿತು.

ಅಮೃತಪ್ಪನವರು ಕನ್ನಡಕ ಸರಿಮಾಡಿಕೊಂಡರು. “ಏ ಶುಭಂ, ಅಲ್ಲೋ, ನನ್ನ ಹೆಸರಿನ್ಯಾಗ ಅಪ್ಪನ ಇಲ್ಲಲ್ಲೋ.”

ಸಭೆ ನಕ್ಕಿತು. ಕಾಂಚನಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಶುಭಂ ಅವಸರದಿಂದ ಬಂದು, “ಅವರ ಕೈ ತಪ್ಪ್ಯದ ಅಪ್ಪಾ,” ಎನ್ನುತ್ತ ಎರಡು ಬೆರಳಿನಿಂದ ಹೊಡೆದ. ಸರಿಯಾಗಿ ಬಂತು. “ನೋಡ್ರಿ, ಮಷಿನ್ ಸರಿ ಅದ.”

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಸುಗಲಾಬಾಯಿ. ಈಗ ಅಕ್ಕಲಕೋಟದ ಒಂದು ಸಂಸ್ಥೆಯಲ್ಲಿ ಕಲಿಸುತ್ತಿದ್ದಳು.

“ಸರಿ ಇಲ್ರಿ ಸರ,” ಎಂದಳು. “ಈಕಿ ಕೆಲಸ ಹೋದ ಮ್ಯಾಲ ಈಕಿ ಕುರ್ಚಿ ಮ್ಯಾಲ ನನ್ನ ಕೂಡಿಸಿದ್ರು. ಕೈ ರೂಢಿ ಆಗಿ ಬ್ಯಾಗ ಹೊಡದ್ರ ನನಗೂ ಅಕ್ಷರ ಹೋಗತಿತ್ತು. ಹೇಳಿದ್ರ ನನ್ನೂ ಅಕ್ಕಲಿಲ್ಲದಾಕಿ ಅಂತೀರಿ ಅಂತ ಸುಮ್ಮಕಾದೆ. ಒತ್ತಕ್ಷರ ಬಂದಲ್ಲಿ ಒಂದು ಉಸುರ ತಗೋರಿ ಅಂತ ಈಗ ನನ್ನ ಪೋರಿಗೋಳಿಗೆ ಕಲಸಾಕತ್ತೀನಿ.” ಆಮೇಲೆ ಕಾಂಚನಳ ಕಡೆ ತಿರುಗಿ, “ಅವತ್ತ ನಾನೂ ನಕ್ಕಿದ್ದೆ ತಂಗಿ,” ಎಂದಳು.

ಆಗ ಶುಭಂ ಅವಳನ್ನು ಗುರುತು ಹಿಡಿದ. ಅವನ ಮುಖ ಇಳಿದದ್ದನ್ನು ಕಾಂಚನ ಕಣ್ತುಂಬ ನೋಡಿದಳು.

ಕೈಲಾಸ ಮೋಡ್ಕಾದ ಯಂತ್ರವನ್ನು ಪಕ್ಕದ ಮೇಜಿಗೆ ತಂದಿಟ್ಟು ಪರದೆಗೆ ಜೋಡಿಸಿದ. ಅದೇ ಕಂಪನಿ, ಅದೇ ಕೀಬೋರ್ಡು, ಒಳಗೆ ಕಾಂಚನಳ ಹನ್ನೊಂದು ಸಾಲು. ಅವಳು ಅಮೃತಪ್ಪಾ ಎಂದು ಹತ್ತು ಸಲ ಹೊಡೆದಳು. ಹತ್ತಕ್ಕೆ ಹತ್ತು ಬಂತು. ಸಂಸ್ಥೆಯವರು ತಮ್ಮೊಳಗೆ ಮಾತಾಡಿಕೊಂಡು, ಈ ತಿದ್ದುಪಡಿ ಇದ್ದರೆ ಯಂತ್ರ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಬೇಡ ಎಂದರು.

ಶುಭಂ ಅವಳ ಹತ್ತಿರ ಬಂದು ದನಿ ತಗ್ಗಿಸಿದ. “ಮ್ಯಾಡಮ್, ಆ ಪ್ಯಾಚ್ ನಮಗ ಕೊಡ್ರಿ. ನಮ್ಮಲ್ಲೇ ಕೆಲಸಕ್ಕ ಬರ್ರಿ.”

“ಕೆಲಸ ಬ್ಯಾಡ್ರಿ ಸರ. ಇದನ್ನ ಓದಿ ಒಪ್ಪಿಗಿ ಹೆಸರು ಹಾಕ್ರಿ. ಪೆನ್‌ಡ್ರೈವ್ ನಿಮ್ಮದು.” ಅವಳು ದನಿ ತಗ್ಗಿಸಲಿಲ್ಲ. ತಿದ್ದುಪಡಿಯನ್ನು ತೆರೆದು ಪರದೆಗೆ ಹಾಕಿದಳು. ಎಲ್ಲರೂ ಓದಿದರು.

‘ಕೀ ಕಳೆದುಹೋಗುವುದು ಡ್ರೈವರಿನ ದೋಷ, ಒತ್ತಿದವರದ್ದಲ್ಲ. ಇದನ್ನು ಮೊದಲು ಹೇಳಿದವಳು ವಳಸಂಗದ ಕಾಂಚನ. ಡ್ರೈವರ್ ಬರೆದವರಿಗೆ ಇದು ನಾಲ್ಕು ದಿನಕ್ಕೇ ತಿಳಿದಿತ್ತು, ತಿಳಿದೂ ಹೇಳಲಿಲ್ಲ.’

“ಮೂರನೇ ಸಾಲ ಒಂದ ತಗೀರಿ,” ಎಂದ ಶುಭಂ. “ಉಳದದ್ದಕ್ಕ ಹೆಸರ ಹಾಕ್ತೀನಿ.”

“ನಂದು ಇರೋದ ಆ ಮೂರನೇ ಸಾಲಿನ್ಯಾಗ.”

ಅವಳು ಚರಿತ್ರೆಯ ಪುಟ ತೆರೆದಳು. ನಾಲ್ಕನೆಯ ದಿನದ ಸಾಲು, ಐದನೆಯ ದಿನದ ಸಾಲು, ಎರಡರ ಕೆಳಗೂ ಅವನ ಹೆಸರು. ಅವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ, ಮೊದಲ ಸಾಲಿನ ಮುದುಕರಿಗೆ ಕೇಳುವಂತೆ ನಿಧಾನವಾಗಿ ಹೇಳಿದಳು. ಅಮೃತಪ್ಪನವರು ಮಗನನ್ನು ನೋಡಿದರು.

“ಖರೆ ಏನೋ ಇದು?”

ಶುಭಂ ಮೈಕನ್ನು ಮೇಜಿನ ಮೇಲಿಟ್ಟ.

“ಹಾಕು ಹೆಸರು,” ಎಂದರು ಅಮೃತಪ್ಪ.

ಶುಭಂ ಕೂತು ಎರಡು ಬೆರಳಿನಿಂದ ತನ್ನ ಹೆಸರನ್ನು ಹೊಡೆದ. ಒಂದೊಂದು ಅಕ್ಷರವೂ ಪರದೆಯ ಮೇಲೆ ಬರುವುದನ್ನು ಕಾಂಚನ ನೋಡುತ್ತ ನಿಂತಳು. ಕರುಣೆ ಬರುತ್ತದೆಯೇನೋ ಎಂದು ಒಂದು ಕ್ಷಣ ಕಾದಳು, ಬರಲಿಲ್ಲ. ಬಂದದ್ದು ಸಂತೋಷ. ಅದಕ್ಕೆ ನಾಚಿಕೆಪಡುವ ಕಾರಣವೇನೂ ಅವಳಿಗೆ ಕಾಣಲಿಲ್ಲ.

ಅವನು ಎದ್ದ. “ಆತಲ್ಲ? ಈಗ ಸಮಾಧಾನ ಆತಾ?”

ಕಾಂಚನ ಪೆನ್‌ಡ್ರೈವನ್ನು ಅವನ ಮುಂದೆ ಇಟ್ಟಳು. “ಮಷಿನ್ನಿಂದು ಅಷ್ಟ ಆತ್ರಿ ಸರ. ಅಕ್ಕಲಕೋಟ ಅಂತ ನಾ ಆರು ಸಲ ಹೊಡದೆ, ನೀವ ಫಸ್ಟ್ ಕ್ಲಾಸ್ ಅಂದ್ರಿ. ಅದ್ಯಾಕ ಸರಿ ಬಂತು ಗೊತ್ತದನ್ರಿ? ಆ ಹೆಸರು ಬಂತಂದ್ರ ನನ್ನ ಕೈ ಅಂಜಿ ನಿಂದರತದ. ನೀವು ಅಂದ ದಿನದ ಮೊದಲ ನಿಂದರತಿರಲಿಲ್ಲ. ಡ್ರೈವರ್ ನಾ ರಿಪೇರಿ ಮಾಡೀನಿ. ಕೈ ನೀವು ಮಾಡ್ರಿ.”

ಶುಭಂ ಅಪ್ಪನ ಕಡೆ ನೋಡಿದ. ಅಮೃತಪ್ಪನವರು ನೆಲ ನೋಡುತ್ತಿದ್ದರು. ಸಭೆಯಲ್ಲಿ ಯಾರೂ ಏಳಲಿಲ್ಲ, ಯಾರೂ ಕೆಮ್ಮಲಿಲ್ಲ. ವಳಸಂಗದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಕಾಂಚನ ಒಂದು ಕುರ್ಚಿ ಎಳೆದುಕೊಂಡು, ಅವನೆದುರಿಗೆ, ಉತ್ತರಕ್ಕಾಗಿ ಕಾಯುತ್ತ ಕೂತಳು.